ಬಗ್ ಫಿಕ್ಸ್ ಆಯ್ತು ಸರಿ, ಯಾವ ವರ್ಷನ್‌ನಲ್ಲಿ?

"ಹೋದ ವಾರ ಹೇಳಿದ ಬಗ್ ಫಿಕ್ಸ್ ಆಯ್ತಾ?" ಎಂದು ಗ್ರಾಹಕರು ಕೇಳಿದರೆ ಒಂದೇ ತಂಡದ ನಾಲ್ವರು ನಾಲ್ಕು ಉತ್ತರ ಕೊಡುತ್ತಾರೆ. ಕೋಡ್ ಬರೆದವನ ಲ್ಯಾಪ್‌ಟಾಪಿನಲ್ಲಿ ಅದು ಸರಿಯಾಗಿದೆ. ಟೀಮ್ ಲೀಡ್ ಅದನ್ನು ಮುಖ್ಯ ಬ್ರಾಂಚಿಗೆ ಮರ್ಜ್ ಮಾಡಿದ್ದಾರೆ. ಟೆಸ್ಟಿಂಗ್‌ನವರು ಮೊನ್ನೆಯ ಬಿಲ್ಡ್ ಇಟ್ಟುಕೊಂಡು "ಇನ್ನೂ ಇದೆಯಲ್ಲ" ಎನ್ನುತ್ತಾರೆ. ಸಪೋರ್ಟ್‌ನವರು ಟಿಕೆಟ್ ಕ್ಲೋಸ್ ಆಗಿದ್ದು ನೋಡಿ ಗ್ರಾಹಕರಿಗೆ ಮೇಲ್ ಕಳಿಸಿಯೂ ಆಗಿದೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಗ್ರಾಹಕರ ಕಂಪ್ಯೂಟರಿನಲ್ಲಿ ಮಾತ್ರ ಬಗ್ ಇದ್ದಲ್ಲೇ ಇದೆ.

ಈ ಗೊಂದಲಕ್ಕೆ ಮದ್ದು ಬಹುತೇಕ ಎಲ್ಲ ತಂಡಗಳ ಬಳಿಯೂ ಈಗಾಗಲೇ ಇದೆ, ಅದೇ ಗಿಟ್. ಆದರೆ ನಮ್ಮಲ್ಲಿ ಹೆಚ್ಚಿನವರು ಗಿಟ್ಟನ್ನು ಕೋಡ್ ಕಳೆದುಹೋಗದಂತೆ ಇಡುವ ಗೋದಾಮಾಗಿ ಮಾತ್ರ ಬಳಸುತ್ತಾರೆ. ಸಂಜೆ ಆರಕ್ಕೆ "ಅಪ್‌ಡೇಟ್ಸ್" ಅಂತ ಒಂದು ಕಮಿಟ್, ಮರುದಿನ "ಚೇಂಜಸ್" ಅಂತ ಇನ್ನೊಂದು, ರಿಲೀಸ್ ಹಿಂದಿನ ರಾತ್ರಿ "ಫೈನಲ್", ಆಮೇಲೆ "ಫೈನಲ್ 2". ಕೋಡ್ ಉಳಿಯಿತು ನಿಜ. ಯಾವ ಸಾಲು ಯಾಕೆ ಬದಲಾಯಿತು, ಆ ಬದಲಾವಣೆ ಯಾರ ಕೈ ಸೇರಿತು ಎಂಬುದು ಉಳಿಯಲಿಲ್ಲ.

ಬೇಕಾಗಿರುವುದು ಕಡಿಯದ ಒಂದು ಸರಪಳಿ. ದೂರಿಗೆ ಒಂದು ನಂಬರ್, ಆ ನಂಬರ್ ಹೊತ್ತ ಕಮಿಟ್, ಆ ಕಮಿಟ್ ಒಳಗೊಂಡ ಟ್ಯಾಗ್, ಆ ಟ್ಯಾಗಿನಿಂದಲೇ ತಯಾರಾದ ಬಿಲ್ಡ್, ಆ ಬಿಲ್ಡಿನ ಗುರುತು ಗ್ರಾಹಕರ ಪರದೆಯ ಮೇಲೆ. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಉಳಿದದ್ದೆಲ್ಲ ಊಹೆ. (ಮುಂದೆ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಕಮಾಂಡುಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.)

ಕಮಿಟ್ ಮೆಸೇಜಿನಿಂದ ಶುರು

ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ ಎಂದುಕೊಳ್ಳಿ. 99.50 ರೂಪಾಯಿಯ ಸಾಮಾನಿಗೆ ಶೇ. 18 ಜಿಎಸ್‌ಟಿ ಹಾಕಿದರೆ 17.91 ರೂಪಾಯಿ. ಆದರೆ ರಾಜ್ಯದೊಳಗಿನ ಮಾರಾಟಕ್ಕೆ ತೆರಿಗೆಯನ್ನು ಕೇಂದ್ರಕ್ಕೆ ಶೇ. 9, ರಾಜ್ಯಕ್ಕೆ ಶೇ. 9 ಎಂದು ಒಡೆಯಬೇಕು. ಒಂದೊಂದು ಪಾಲೂ 8.955 ರೂಪಾಯಿ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ರೌಂಡ್ ಮಾಡಿದರೆ 8.96, ಎರಡೂ ಸೇರಿ 17.92. ಒಂದು ಪೈಸೆ ಜಾಸ್ತಿ. ಅಂಗಡಿಯವರು ದೂರು ಕೊಟ್ಟರು, ಟಿಕೆಟ್ ನಂಬರ್ 412 ಆಯಿತು, ಡೆವಲಪರ್ ಎರಡು ಸಾಲು ತಿದ್ದಿದ.

ಈಗ ಅವನು "ಬಿಲ್ ಬಗ್ ಫಿಕ್ಸ್" ಎಂದು ಬರೆದರೆ ಆರು ತಿಂಗಳ ನಂತರ ಅವನಿಗೇ ಅದು ಅರ್ಥವಾಗುವುದಿಲ್ಲ. ಬರೆಯಬೇಕಾದದ್ದು ಹೀಗೆ: ಮೊದಲ ಸಾಲಿನಲ್ಲಿ "ಇನ್‌ವಾಯ್ಸ್: ತೆರಿಗೆ ಒಡೆಯುವಾಗ ಬರುವ ಒಂದು ಪೈಸೆ ವ್ಯತ್ಯಾಸ ಸರಿಪಡಿಸಿದೆ". ಒಂದು ಸಾಲು ಖಾಲಿ. ಆಮೇಲೆ ಕಾರಣ: "ಎರಡೂ ಪಾಲುಗಳನ್ನು ಬೇರೆಬೇರೆ ರೌಂಡ್ ಮಾಡುತ್ತಿದ್ದೆವು, ಈಗ ಒಟ್ಟು ತೆರಿಗೆಯನ್ನೂ ಎರಡು ಪಾಲುಗಳ ಮೊತ್ತವನ್ನೂ ತಾಳೆ ನೋಡುತ್ತೇವೆ. ಉದಾಹರಣೆ 99.50." ಕೊನೆಯಲ್ಲಿ "ಫಿಕ್ಸಸ್ #412". ಏನು ಬದಲಾಯಿತು ಎನ್ನುವುದನ್ನು ಡಿಫ್ ತಾನೇ ತೋರಿಸುತ್ತದೆ, ಅದನ್ನು ಮೆಸೇಜಿನಲ್ಲಿ ಮತ್ತೆ ಬರೆಯುವುದು ದಂಡ. ಯಾಕೆ ಬದಲಾಯಿತು ಎಂಬುದು ಡಿಫ್‌ನಲ್ಲಿ ಎಂದೂ ಸಿಗುವುದಿಲ್ಲ. ಪಹಣಿಯಲ್ಲಿ ಮಾಲೀಕರ ಹೆಸರಿನ ಪಕ್ಕ ಮ್ಯುಟೇಶನ್ ನಂಬರ್ ಇಲ್ಲದಿದ್ದರೆ ಜಮೀನು ಹೇಗೆ ಕೈ ಬದಲಾಯಿತೆಂದು ಹೇಳುವವರಿಲ್ಲ; ಟಿಕೆಟ್ ನಂಬರ್ ಇಲ್ಲದ ಕಮಿಟ್ಟಿನ ಗತಿಯೂ ಅಷ್ಟೇ.

ಒಂದು ಕಮಿಟ್‌ನಲ್ಲಿ ಒಂದೇ ಕೆಲಸ ಇರಲಿ. ಪೈಸೆಯ ಬಗ್ ತಿದ್ದುವಾಗಲೇ ಫೈಲಿನ ಸ್ಪೇಸ್, ಇಂಡೆಂಟ್ ಎಲ್ಲವನ್ನೂ ನೆಟ್ಟಗೆ ಮಾಡಿ ಒಟ್ಟಿಗೆ ಕಮಿಟ್ ಮಾಡುವ ಚಟ ಹಲವರಿಗಿದೆ. ಎರಡು ಸಾಲಿನ ತಿದ್ದುಪಡಿ ಇನ್ನೂರು ಸಾಲುಗಳ ನಡುವೆ ಮುಚ್ಚಿಹೋಗುತ್ತದೆ, ಆಮೇಲೆ ಆ ಬದಲಾವಣೆಯನ್ನಷ್ಟೇ ಹಿಂತೆಗೆಯಬೇಕೆಂದರೆ ಆಗುವುದಿಲ್ಲ.

ಹನ್ನೊಂದು ವರ್ಷ ಹಿಂದಕ್ಕೆ ಕೈಮರ

ಈ ಶಿಸ್ತನ್ನು ಕಟ್ಟುನಿಟ್ಟಾಗಿ ಪಾಲಿಸುವವರನ್ನು ನೋಡಬೇಕೆಂದರೆ ಲಿನಕ್ಸ್ ಕರ್ನೆಲ್‌ನತ್ತ ನೋಡಬೇಕು. ಗಿಟ್ ಹುಟ್ಟಿದ್ದೇ ಅದಕ್ಕಾಗಿ. ಕರ್ನೆಲ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನದ ಉಚಿತ ಬಳಕೆ ನಿಂತಾಗ 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತರು. ಅದೇ ತಿಂಗಳು ಕರ್ನೆಲ್ಲಿನ ಕೋಡ್ ಗಿಟ್‌ಗೆ ಬಂತು.

ಕರ್ನೆಲ್ಲಿನಲ್ಲಿ ಬಗ್ ಸರಿಪಡಿಸುವವರು ಮೆಸೇಜಿನ ಕೊನೆಗೆ "ಫಿಕ್ಸಸ್:" ಎಂದು ಒಂದು ಸಾಲು ಸೇರಿಸುತ್ತಾರೆ. ಅದರ ಮುಂದೆ ಬರುವುದು ಟಿಕೆಟ್ ನಂಬರ್ ಅಲ್ಲ, ಆ ಬಗ್ಗನ್ನು ಒಳಗೆ ತಂದ ಹಳೆಯ ಕಮಿಟ್‌ನ ಹ್ಯಾಶಿನ ಮೊದಲ 12 ಅಕ್ಷರ ಮತ್ತು ಅದರ ಶೀರ್ಷಿಕೆ. ಇದರ ಲಾಭ ದೊಡ್ಡದು. ಹಳೆಯ ವರ್ಷನ್‌ಗಳನ್ನು ನೋಡಿಕೊಳ್ಳುವವರು ಆ ಸಾಲನ್ನು ನೋಡಿಯೇ ತಮ್ಮ ವರ್ಷನ್‌ಗೆ ಈ ತಿದ್ದುಪಡಿ ಬೇಕೇ ಬೇಡವೇ ಎಂದು ಹೇಳಬಲ್ಲರು. ತಪ್ಪು ಮಾಡಿದ ಕಮಿಟ್ ತಮ್ಮಲ್ಲಿ ಇಲ್ಲವೆಂದರೆ ಸಾಮಾನ್ಯವಾಗಿ ತಿದ್ದುವ ಕಮಿಟ್ಟೂ ಬೇಡ. ಜೊತೆಗೆ ದೂರು ಕೊಟ್ಟವರು, ಪರೀಕ್ಷಿಸಿದವರು, ವಿಮರ್ಶಿಸಿದವರು ಎಲ್ಲರ ಹೆಸರಿಗೂ ಒಂದೊಂದು ಸಾಲು.

2016ರ ಅಕ್ಟೋಬರ್‌ನಲ್ಲಿ ಜಗತ್ತಿಗೆ ಗೊತ್ತಾದ "ಡರ್ಟಿ ಕೌ" ದೋಷ ನೆನಪಿರಬಹುದು, ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ನಂಬರ್ ಸಿವಿಇ-2016-5195. ಸಾಧಾರಣ ಬಳಕೆದಾರನೊಬ್ಬ, ಓದಲು ಮಾತ್ರ ಅನುಮತಿಯಿರುವ ಫೈಲಿನ ಮೇಲೆ ಬರೆದು, ಇಡೀ ಯಂತ್ರದ ಯಜಮಾನಿಕೆ ಪಡೆಯಬಹುದಿತ್ತು. ಲಿನಕ್ಸ್ ಸರ್ವರ್‌ಗಳಷ್ಟೇ ಅಲ್ಲ, ಆಂಡ್ರಾಯ್ಡ್ ಫೋನ್‌ಗಳೂ ಅದರ ವ್ಯಾಪ್ತಿಯಲ್ಲಿದ್ದವು. ಅದನ್ನು ಸರಿಪಡಿಸಿದ ಕಮಿಟ್‌ನ ಮೆಸೇಜನ್ನು ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಪಾಠವಾಗಿ ಓದಿಸಬೇಕು. ಟೊರ್ವಾಲ್ಡ್ಸ್ ಅದರಲ್ಲಿ ಹೇಳುವುದಿಷ್ಟು: ಇದು ಬಹಳ ಹಳೆಯ ಬಗ್, ಹನ್ನೊಂದು ವರ್ಷದ ಹಿಂದೆ ತಾನೇ ಇದನ್ನು ಸರಿಪಡಿಸಲು ಹೋಗಿ ಸರಿಯಾಗಿ ಮಾಡಿರಲಿಲ್ಲ, ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆ ಬಂದಿದ್ದರಿಂದ ಆ ತಿದ್ದುಪಡಿ ರದ್ದಾಯಿತು, ಆ ಯಂತ್ರಗಳ ಸಮಸ್ಯೆ ನಂತರ ಬಗೆಹರಿದಿದೆ, ಹಾಗಾಗಿ ಈಗ ಸರಿಯಾಗಿ ಮಾಡಬಹುದು. ಈ ಮಾತುಗಳ ನಡುವೆ ಹಳೆಯ ಕಮಿಟ್‌ಗಳ ಹ್ಯಾಶ್‌ಗಳಿವೆ. ಮೊದಲು ತಿದ್ದಿದ್ದು ಯಾವುದು, ರದ್ದಾದದ್ದು ಯಾವುದರಿಂದ ಎಂದು ಓದುಗರು ಒಂದೊಂದನ್ನೇ ತೆರೆದು ನೋಡಬಹುದು. 2005ರಲ್ಲಿ ಯಾರಾದರೂ "ಅಪ್‌ಡೇಟ್ಸ್" ಎಂದು ಬರೆದಿದ್ದರೆ ಈ ಕಥೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮೊದಲ ಪ್ರಯತ್ನ ಏಕೆ ಸೋತಿತೆಂದು ತಿಳಿಯದೆ ಅದೇ ತಪ್ಪನ್ನು ಇನ್ನೊಬ್ಬರು ಮಾಡುತ್ತಿದ್ದರು.

ಕರ್ನೆಲ್ಲಿನವರಲ್ಲೂ ಒಂದು ಕೊರತೆ ಇದೆ. ಗಿಟ್‌ಗೆ ಬಂದಾಗ ಅವರು ಹಳೆಯ ಇತಿಹಾಸವನ್ನು ಜೊತೆಗೆ ತರಲಿಲ್ಲ. ಮೊದಲ ಕಮಿಟ್ ಎಂದರೆ 2.6.12-ಆರ್‌ಸಿ2 ವರ್ಷನ್‌ನ ಇಡೀ ಕೋಡ್ ಒಂದೇ ಗಂಟು. ಅದಕ್ಕಿಂತ ಹಳೆಯ ಬಗ್ ಸಿಕ್ಕರೆ ಇಂದಿಗೂ "ಫಿಕ್ಸಸ್:" ಸಾಲಿನಲ್ಲಿ ಆ ಮೊದಲ ಕಮಿಟ್ಟಿನ ಹೆಸರನ್ನೇ ಬರೆಯುತ್ತಾರೆ. ನೀವು ಹಳೆಯ ಸಬ್‌ವರ್ಷನ್‌ನಿಂದ ಗಿಟ್‌ಗೆ ಹೋಗುವವರಾದರೆ ಇತಿಹಾಸ ಸಮೇತ ಹೋಗಿ. "ಗಿಟ್ ಎಸ್‌ವಿಎನ್" ಅದಕ್ಕೆಂದೇ ಇದೆ.

ಹುಡುಕುವ ಕೈಚಳಕ

ಸರಿಯಾಗಿ ಬರೆದಿಟ್ಟರೆ ಹುಡುಕುವುದು ಸಲೀಸು. 412ನೇ ಟಿಕೆಟ್ ಎಲ್ಲಿ ಹೋಯಿತೆಂದು ತಿಳಿಯಲು "ಗಿಟ್ ಲಾಗ್ --ಆಲ್ --ಗ್ರೆಪ್" ಎಂದು ಬರೆದು ಮುಂದೆ ಆ ನಂಬರ್ ಕೊಡಿ. "--ಆಲ್" ಮರೆಯಬೇಡಿ, ಇಲ್ಲದಿದ್ದರೆ ನೀವು ನಿಂತಿರುವ ಬ್ರಾಂಚ್ ಮಾತ್ರ ಕಾಣುತ್ತದೆ. ಕಮಿಟ್‌ನ ಹ್ಯಾಶ್ ಸಿಕ್ಕಿತಲ್ಲ, ಈಗ "ಗಿಟ್ ಟ್ಯಾಗ್ --ಕಂಟೇನ್ಸ್" ಎಂದು ಬರೆದು ಮುಂದೆ ಆ ಹ್ಯಾಶ್ ಹಾಕಿ. ಅದನ್ನು ಒಳಗೊಂಡ ಎಲ್ಲ ಟ್ಯಾಗ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಅತಿ ಹಳೆಯದು ಯಾವುದೋ ಅದೇ ನಿಮ್ಮ ಗ್ರಾಹಕರಿಗೆ ಹೇಳಬೇಕಾದ ಉತ್ತರ. ಪಟ್ಟಿ ಖಾಲಿ ಬಂದರೆ ಫಿಕ್ಸ್ ಇನ್ನೂ ಯಾವ ರಿಲೀಸಿಗೂ ಸೇರಿಲ್ಲ, ಟಿಕೆಟ್ ಏನೇ ಹೇಳಲಿ.

ಟಿಕೆಟ್ ಏನೇ ಹೇಳಲಿ ಎಂದೆ. ಗಿಟ್‌ಹಬ್‌ನಲ್ಲಿ "ಫಿಕ್ಸಸ್ #412" ಎಂದು ಬರೆದರೆ ಆ ಕಮಿಟ್ ಮುಖ್ಯ ಬ್ರಾಂಚಿಗೆ ಸೇರಿದ ಕ್ಷಣ ಟಿಕೆಟ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಅನುಕೂಲವೇನೋ ಹೌದು, ಆದರೆ ಮುಚ್ಚಿದ್ದು ಮರ್ಜ್ ಆದಾಗ, ರಿಲೀಸ್ ಆದಾಗ ಅಲ್ಲ. ಗ್ರಾಹಕರಿಗೆ ಮೇಲ್ ಕಳಿಸುವವರು ಟಿಕೆಟ್ಟಿನ ಬಣ್ಣ ನೋಡಿ ಕಳಿಸಬಾರದು, ಟ್ಯಾಗ್ ನೋಡಿ ಕಳಿಸಬೇಕು. ನನ್ನ ಮಟ್ಟಿಗೆ ಟ್ರ್ಯಾಕರ್‌ನಲ್ಲಿ "ಮರ್ಜ್ ಆಗಿದೆ" ಮತ್ತು "ರಿಲೀಸ್ ಆಗಿದೆ" ಎಂಬ ಎರಡು ಬೇರೆ ಸ್ಥಿತಿಗಳಿಲ್ಲದ ತಂಡ ಸಪೋರ್ಟ್ ಕೆಲಸಕ್ಕೆ ಇನ್ನೂ ತಯಾರಾಗಿಲ್ಲ.

ಕನ್ನಡ ವಿಕಿಪೀಡಿಯ ಬಳಸುವವರಿಗೆ ಇದರ ಅನುಭವ ಇರುತ್ತದೆ. ಅದರ ಹಿಂದಿರುವ ಮೀಡಿಯಾವಿಕಿ ತಂತ್ರಾಂಶದ ದೂರುಗಳು ಫ್ಯಾಬ್ರಿಕೇಟರ್ ಎಂಬಲ್ಲಿ ದಾಖಲಾಗುತ್ತವೆ, ಪ್ರತಿ ದೂರಿಗೂ ಟಿ ಅಕ್ಷರದಿಂದ ಶುರುವಾಗುವ ನಂಬರ್, ಕಮಿಟ್ ಮೆಸೇಜಿನ ಕೊನೆಗೆ "ಬಗ್:" ಎಂದು ಅದೇ ನಂಬರ್. ದೂರು ಪರಿಹಾರವಾಗಿದೆ ಎಂದು ತೋರಿಸಿದರೂ ಪುಟದಲ್ಲಿ ಹಳೆಯ ತೊಂದರೆಯೇ ಕಾಣುತ್ತದೆ. ಕಾರಣ, ಹೊಸ ಕೋಡ್ ವಾರಕ್ಕೊಮ್ಮೆ ಹಂತಹಂತವಾಗಿ ಹೊರಡುತ್ತದೆ: ಮಂಗಳವಾರ ಪರೀಕ್ಷಾ ತಾಣಗಳಿಗೆ, ಬುಧವಾರ ಇನ್ನಷ್ಟಕ್ಕೆ, ಹೆಚ್ಚಿನ ವಿಕಿಪೀಡಿಯಗಳಿಗೆ ಬರುವುದು ಸಾಮಾನ್ಯವಾಗಿ ಗುರುವಾರ. ಆವೃತ್ತಿಯ ವಿಶೇಷ ಪುಟ ತೆರೆದರೆ ಈ ಕ್ಷಣ ಯಾವ ಕೋಡ್ ಓಡುತ್ತಿದೆ ಎಂಬುದು ಯಾರಿಗೆ ಬೇಕಾದರೂ ಕಾಣುತ್ತದೆ. ಆ ಪುಟದಂಥದ್ದು ನಿಮ್ಮ ಸಾಫ್ಟ್‌ವೇರ್‌ನಲ್ಲೂ ಇರಲಿ.

ಅದನ್ನು ಮಾಡುವುದು ಕಷ್ಟವಲ್ಲ. ಪ್ರತಿ ರಿಲೀಸಿಗೂ "ಗಿಟ್ ಟ್ಯಾಗ್ -ಎ" ಬಳಸಿ ವಿವರ ಸಹಿತ ಟ್ಯಾಗ್ ಹಾಕಿ. ಬಿಲ್ಡ್ ಆಗುವಾಗ "ಗಿಟ್ ಡಿಸ್ಕ್ರೈಬ್ --ಡರ್ಟಿ" ಕೊಡುವ ಉತ್ತರವನ್ನು ಅಬೌಟ್ ಪರದೆಯಲ್ಲಿ ಅಚ್ಚು ಹಾಕಿಸಿ. ನೇರ ಟ್ಯಾಗಿನಿಂದಲೇ ಬಿಲ್ಡ್ ಆಗಿದ್ದರೆ ಆ ಉತ್ತರದಲ್ಲಿ ಟ್ಯಾಗಿನ ಹೆಸರಷ್ಟೇ ಇರುತ್ತದೆ; ಟ್ಯಾಗ್ ದಾಟಿ ಮುಂದೆ ಹೋಗಿದ್ದರೆ ಹಿಂದಿನ ಟ್ಯಾಗಿನ ಹೆಸರು, ಅದರ ನಂತರ ಎಷ್ಟು ಕಮಿಟ್ ಆಗಿವೆ ಎಂಬ ಸಂಖ್ಯೆ, ಕೊನೆಯ ಕಮಿಟ್‌ನ ಹ್ಯಾಶ್ ಮೂರೂ ಇರುತ್ತವೆ. ಕಮಿಟ್ ಮಾಡದ ಬದಲಾವಣೆ ಇಟ್ಟುಕೊಂಡೇ ಯಾರಾದರೂ ಬಿಲ್ಡ್ ಮಾಡಿದ್ದರೆ ಕೊನೆಗೆ "ಡರ್ಟಿ" ಎಂದೂ ಸೇರಿಕೊಳ್ಳುತ್ತದೆ. ಗ್ರಾಹಕರು ಫೋನಿನಲ್ಲಿ ಅದನ್ನು ಓದಿ ಹೇಳಿದರೆ ಸಾಕು, ಅವರ ಬಳಿ ಇರುವ ಕೋಡ್ ಯಾವುದೆಂದು ನಿಮಗೆ ಗೊತ್ತು. ಗ್ರಾಹಕರ ಕಡೆಗೆ "ಡರ್ಟಿ" ಬಿಲ್ಡ್ ಹೋಗಿದೆ ಎಂದು ಗೊತ್ತಾದ ದಿನ ತಂಡದಲ್ಲಿ ಒಂದು ಗಂಭೀರ ಮಾತುಕತೆ ಆಗಲೇಬೇಕು.

ಎರಡು ರಿಲೀಸ್‌ಗಳ ನಡುವೆ ಏನೇನು ಸೇರಿತೆಂದು ನೋಡಲು "ಗಿಟ್ ಲಾಗ್" ಮುಂದೆ ಹಳೆಯ ಟ್ಯಾಗ್, ಎರಡು ಚುಕ್ಕೆ, ಹೊಸ ಟ್ಯಾಗ್. ಒಂದು ಪದವೋ ಫಂಕ್ಷನ್ನೋ ಕೋಡಿಗೆ ಯಾವಾಗ ಬಂತು, ಯಾವಾಗ ಹೋಯಿತು ಎಂದು ಕಾಣಲು "ಗಿಟ್ ಲಾಗ್ -ಎಸ್", ಇಲ್ಲಿ ಎಸ್ ದೊಡ್ಡಕ್ಷರ. ಬಗ್ ಯಾವ ಕಮಿಟ್ಟಿನಿಂದ ಬಂತೆಂದು ಸುಳಿವೇ ಇಲ್ಲದಾಗ "ಗಿಟ್ ಬೈಸೆಕ್ಟ್". ಚೆನ್ನಾಗಿದ್ದ ಒಂದು ಹಳೆಯ ಕಮಿಟ್, ಕೆಟ್ಟ ಒಂದು ಹೊಸ ಕಮಿಟ್ ತೋರಿಸಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ, ನೀವು ಪರೀಕ್ಷಿಸಿ ಒಳ್ಳೆಯದು ಅಥವಾ ಕೆಟ್ಟದ್ದು ಎನ್ನುತ್ತೀರಿ, ಅದು ಉಳಿದರ್ಧವನ್ನು ಮತ್ತೆ ಅರ್ಧ ಮಾಡುತ್ತದೆ. ಸಾವಿರ ಕಮಿಟ್ ಇದ್ದರೆ ಸುಮಾರು ಹತ್ತು ಸಲ ನೋಡಿದರೆ ಮುಗಿಯಿತು. ಪರೀಕ್ಷೆಗೆ ಸ್ಕ್ರಿಪ್ಟ್ ಇದ್ದರೆ "ಗಿಟ್ ಬೈಸೆಕ್ಟ್ ರನ್" ಅಷ್ಟನ್ನೂ ತಾನೇ ಮಾಡಿ ಮುಗಿಸುತ್ತದೆ, ನೀವು ಕಾಫಿ ಕುಡಿದು ಬರಬಹುದು. ಆದರೆ ನಡುವಿನ ಕಮಿಟ್‌ಗಳು ಕಂಪೈಲ್ ಆಗುವ ಸ್ಥಿತಿಯಲ್ಲಿದ್ದರೆ ಮಾತ್ರ ಇದು ಸುಗಮ; ಅರ್ಧಂಬರ್ಧ ಕೆಲಸವನ್ನು ಮುಖ್ಯ ಬ್ರಾಂಚಿಗೆ ಸುರಿಯುವ ತಂಡಕ್ಕೆ ಬೈಸೆಕ್ಟ್ ಅಷ್ಟಾಗಿ ಒಲಿಯುವುದಿಲ್ಲ.

ವರ್ಷನ್ ನಂಬರ್ ನಂಬಿ ಕೆಟ್ಟವರು

ಇಲ್ಲಿಯವರೆಗೆ ಹೇಳಿದ್ದು ಒಂದೇ ಬ್ರಾಂಚ್ ಇರುವ ಸುಖೀ ಸಂಸಾರದ ಮಾತು. ಬೆಂಗಳೂರಿನ ಸರ್ವಿಸ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಗೊತ್ತು, ಒಬ್ಬ ಕ್ಲೈಂಟ್ 2.3ರಲ್ಲಿದ್ದಾನೆ, ಇನ್ನೊಬ್ಬ 2.1 ಬಿಟ್ಟು ಕದಲುವುದಿಲ್ಲ. ಹೊಸ ಫಿಕ್ಸನ್ನು ಹಳೆಯ ಬ್ರಾಂಚಿಗೆ ಒಯ್ಯಬೇಕು. ಅದಕ್ಕೆ "ಗಿಟ್ ಚೆರ್ರಿ-ಪಿಕ್" ಇದೆ. ತೊಂದರೆ ಇರುವುದು ಇಲ್ಲೇ: ಚೆರ್ರಿ-ಪಿಕ್ ಮಾಡಿದಾಗ ಹುಟ್ಟುವುದು ಹೊಸ ಹ್ಯಾಶ್‌ನ ಹೊಸ ಕಮಿಟ್. ಮೂಲ ಹ್ಯಾಶ್ ಕೊಟ್ಟು "ಟ್ಯಾಗ್ --ಕಂಟೇನ್ಸ್" ಕೇಳಿದರೆ 2.1ರ ಟ್ಯಾಗ್ ಬರುವುದಿಲ್ಲ, ಫಿಕ್ಸ್ ಅಲ್ಲಿದ್ದರೂ ಇಲ್ಲವೆಂದೇ ಕಾಣುತ್ತದೆ. ಆದ್ದರಿಂದ ಯಾವಾಗಲೂ "-ಎಕ್ಸ್" ಸೇರಿಸಿ ಪಿಕ್ ಮಾಡಿ. ಮೂಲ ಕಮಿಟ್‌ನ ಹ್ಯಾಶ್ ಹೊಸ ಮೆಸೇಜಿನ ಕೊನೆಗೆ ತಾನಾಗಿ ದಾಖಲಾಗುತ್ತದೆ, ಗ್ರೆಪ್‌ಗೆ ಸಿಗುತ್ತದೆ. ಕರ್ನೆಲ್‌ನ ಸ್ಟೇಬಲ್ ಬ್ರಾಂಚುಗಳಲ್ಲೂ ಪ್ರತಿ ತಿದ್ದುಪಡಿಯ ಜೊತೆ ಮುಖ್ಯ ಶಾಖೆಯ ಯಾವ ಕಮಿಟ್ ಇದು ಎಂದು ಬರೆದಿರುತ್ತಾರೆ. ಮುಖ್ಯ ಶಾಖೆಗೆ ಸೇರದ ಫಿಕ್ಸನ್ನು ಅವರು ಸಾಮಾನ್ಯವಾಗಿ ಸ್ಟೇಬಲ್‌ಗೆ ಸೇರಿಸಿಕೊಳ್ಳುವುದೇ ಇಲ್ಲ. ಒಳ್ಳೆಯ ನಿಯಮ. ಹಳೆಯ ಬ್ರಾಂಚಿನಲ್ಲಿ ಮಾತ್ರ ತಿದ್ದಿ ಮುಖ್ಯದಲ್ಲಿ ಮರೆತರೆ ಮುಂದಿನ ದೊಡ್ಡ ರಿಲೀಸಿನಲ್ಲಿ ಅದೇ ಬಗ್ ಮತ್ತೆ ಬಂದು ನಿಲ್ಲುತ್ತದೆ, ಗ್ರಾಹಕರ ಮುಂದೆ ಅದಕ್ಕಿಂತ ದೊಡ್ಡ ಮುಖಭಂಗ ಬೇರೊಂದಿಲ್ಲ.

ಹೀಗೆ ಹಿಂದಕ್ಕೆ ಒಯ್ದ ಫಿಕ್ಸ್‌ಗಳಿಂದ ಹುಟ್ಟುವ ಗೊಂದಲಕ್ಕೆ ಹಾರ್ಟ್‌ಬ್ಲೀಡ್ ಒಳ್ಳೆಯ ನಿದರ್ಶನ. ಓಪನ್‌ಎಸ್‌ಎಸ್‌ಎಲ್‌ಗೆ ಹಾರ್ಟ್‌ಬೀಟ್ ಎಂಬ ಹೊಸ ಸೌಲಭ್ಯ ಸೇರಿಸಿದ ಕೋಡ್ ಜೊತೆಗೇ ಬಂದ ಬಗ್ ಅದು. ಎದುರಿನವರು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿದ್ದರಿಂದ ಸರ್ವರ್‌ನ ಮೆಮೊರಿಯಿಂದ ಒಂದು ಸಲಕ್ಕೆ 64 ಕೆಬಿವರೆಗೆ ಸೋರಿಹೋಗುತ್ತಿತ್ತು. 2012ರ ಮಾರ್ಚ್‌ನಲ್ಲಿ ಬಂದ 1.0.1ರಿಂದ 1.0.1ಎಫ್‌ವರೆಗೆ ದೋಷ ಇತ್ತು. 2014ರ ಏಪ್ರಿಲ್ 7ರಂದು ಬಂದ 1.0.1ಜಿಯಲ್ಲಿ ಸರಿಯಾಯಿತು. ಇಷ್ಟು ಓದಿದವರು ತಮ್ಮ ಡೆಬಿಯನ್ 7 ಸರ್ವರ್‌ನಲ್ಲಿ ವರ್ಷನ್ ನೋಡಿದರೆ 1.0.1ಇ ಎಂದು ಬರುತ್ತಿತ್ತು, ಪ್ಯಾಚ್ ಹಾಕಿದ ಮೇಲೂ! ಡೆಬಿಯನ್‌ನವರು ಹೊಸ ವರ್ಷನ್ ತರದೆ ಆ ತಿದ್ದುಪಡಿಯನ್ನಷ್ಟೇ ಹಳೆಯದಕ್ಕೆ ಸೇರಿಸಿದ್ದರು, ಬದಲಾದದ್ದು ಪ್ಯಾಕೇಜ್ ನಂಬರಿನ ಬಾಲ ಮಾತ್ರ. ರೆಡ್ ಹ್ಯಾಟ್, ಉಬುಂಟು ಮಾಡಿದ್ದೂ ಅದನ್ನೇ. ಇಂಥ ಕಡೆ ವರ್ಷನ್ ನಂಬರ್ ನೋಡಿ ಪ್ರಯೋಜನವಿಲ್ಲ. ಪ್ಯಾಕೇಜಿನ ಚೇಂಜ್‌ಲಾಗ್ ತೆರೆದು ಸಿವಿಇ-2014-0160 ಎಂಬ ನಂಬರ್ ಹುಡುಕಬೇಕು. ಸೆಕ್ಯುರಿಟಿ ಆಡಿಟ್‌ಗೆ ಬಂದವರು ವರ್ಷನ್ ನಂಬರ್ ಹಿಡಿದು ಪಟ್ಟು ಹಿಡಿದಾಗ ತೋರಿಸಬೇಕಾದ್ದೂ ಆ ಸಾಲನ್ನೇ.

ಫೀಚರ್‌ಗಳ ಕಥೆ ಬೇರೆ

ಬಗ್ ಎರಡು ಸಾಲಿನಲ್ಲಿ ಮುಗಿಯಬಹುದು, ಫೀಚರ್ ಎಂದರೆ ಹತ್ತಾರು ಕಮಿಟ್. ಎಲ್ಲದರ ಮೇಲೂ ಒಂದೇ ಟಿಕೆಟ್ ನಂಬರ್ ಇರಲಿ, ಬ್ರಾಂಚಿನ ಹೆಸರಿನಲ್ಲೂ ಇರಲಿ. ಮರ್ಜ್ ಮಾಡುವಾಗ ಎಲ್ಲವನ್ನೂ ಒಂದಾಗಿ ಹಿಂಡಿ ಸೇರಿಸಬೇಕೋ ಬಿಡಿಬಿಡಿಯಾಗಿ ಉಳಿಸಬೇಕೋ ಎಂಬ ಜಗಳ ಎಂದೂ ಮುಗಿಯುವುದಲ್ಲ. ಬಿಡಿ ಕಮಿಟ್‌ಗಳು ಓದುವಂತಿದ್ದರೆ ಉಳಿಸಿ, "ಟೆಸ್ಟ್", "ಮತ್ತೆ ಟೆಸ್ಟ್" ಎಂದಿದ್ದರೆ ಹಿಂಡಿಬಿಡಿ. ನನ್ನ ಪಕ್ಷ ಇಷ್ಟೇ.

ಫೀಚರ್ ವಿಷಯದಲ್ಲಿ ಇನ್ನೊಂದು ಬಲೆ ಇದೆ. ಕೋಡ್ ರಿಲೀಸ್ ಆಗಿರುತ್ತದೆ, ಆದರೆ ಸ್ವಿಚ್ ಆಫ್ ಆಗಿರುತ್ತದೆ. ಈಗ ಬಹಳ ತಂಡಗಳು ಫೀಚರ್ ಫ್ಲ್ಯಾಗ್ ಬಳಸುತ್ತವೆ. ಆಗ ಟ್ಯಾಗ್ ನೋಡಿದರೂ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಫ್ಲ್ಯಾಗ್‌ಗಳ ಸ್ಥಿತಿಯನ್ನೂ ಗಿಟ್‌ನಲ್ಲೇ ಒಂದು ಫೈಲಾಗಿ ಇಡಿ, ಯಾರಿಗೆ ಯಾವಾಗ ತೆರೆದಿರಿ ಎಂಬುದಕ್ಕೂ ಕಮಿಟ್ ಇರಲಿ.

ಚೇಂಜ್‌ಲಾಗ್ ಬಗ್ಗೆ ಒಂದು ಮಾತು. ಆಪ್ ಸ್ಟೋರ್‌ಗಳಲ್ಲಿ ಪ್ರತಿ ಅಪ್‌ಡೇಟ್ ಕೆಳಗೂ "ದೋಷ ನಿವಾರಣೆ ಮತ್ತು ಕಾರ್ಯಕ್ಷಮತೆಯ ಸುಧಾರಣೆ" ಎಂದು ಬರೆಯುತ್ತಾರಲ್ಲ, ಅದನ್ನು ಬರೆಯದಿದ್ದರೂ ನಡೆಯುತ್ತಿತ್ತು. ಯಾವ ದೋಷ? ನನ್ನ ದೂರು ಅದರಲ್ಲಿದೆಯೇ? ಬಳಕೆದಾರನಿಗೆ ಬೇಕಾದದ್ದು ಅಷ್ಟೇ. ಕಮಿಟ್ ಮೆಸೇಜುಗಳಿಂದ ಯಂತ್ರವೇ ಹೆಕ್ಕಿಕೊಟ್ಟ ಪಟ್ಟಿಯನ್ನು ಹಾಗೇ ಅಂಟಿಸುವುದೂ ಸರಿಯಲ್ಲ, ಅದು ಡೆವಲಪರ್‌ಗಳ ಭಾಷೆ. ಪಟ್ಟಿಯನ್ನು ಯಂತ್ರ ತೆಗೆಯಲಿ, ವಾಕ್ಯವನ್ನು ಮನುಷ್ಯರು ಬರೆಯಲಿ: "99.50ರಂಥ ಬೆಲೆಗಳಲ್ಲಿ ತೆರಿಗೆ ಒಂದು ಪೈಸೆ ಹೆಚ್ಚು ಬರುತ್ತಿದ್ದುದು ಸರಿಯಾಗಿದೆ (412)." ಅಂಗಡಿಯವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ನಂಬರ್ ಕೊಡುವಾಗ ಬಗ್ ತಿದ್ದಿದರೆ ಮೂರನೇ ಅಂಕಿ, ಹಳೆಯದನ್ನು ಕೆಡಿಸದೆ ಹೊಸ ಸೌಲಭ್ಯ ಸೇರಿಸಿದರೆ ಎರಡನೆಯದು, ಹಳೆಯದು ನಡೆಯದಂತೆ ಬದಲಾಯಿಸಿದರೆ ಮೊದಲನೆಯದು ಏರಿಸುವ ಸೆಮ್ಯಾಂಟಿಕ್ ವರ್ಷನಿಂಗ್ ಪದ್ಧತಿ ಸಾಕು. 2.4.1 ನೋಡಿದವರಿಗೆ ಧೈರ್ಯವಾಗಿ ಹಾಕಿಕೊಳ್ಳಬಹುದೆಂದು, 3.0.0 ನೋಡಿದವರಿಗೆ ಮೊದಲು ಬ್ಯಾಕಪ್ ಮಾಡಬೇಕೆಂದು ಗೊತ್ತಾಗುತ್ತದೆ.

ಇದನ್ನೆಲ್ಲ ತಂಡಕ್ಕೆ ಹೇಗೆ ಅಂಟಿಸುವುದು? ಉಪದೇಶದಿಂದ ಆಗುವುದಿಲ್ಲ. ಟಿಕೆಟ್ ನಂಬರ್ ಇಲ್ಲದ ಕಮಿಟ್ಟನ್ನು ತಿರಸ್ಕರಿಸುವ ಒಂದು ಚಿಕ್ಕ ಹುಕ್ ಬರೆಯಬಹುದು. ಆದರೆ ಹುಕ್‌ಗಳು ಕ್ಲೋನ್ ಜೊತೆಗೆ ಹೋಗುವುದಿಲ್ಲ, ಪ್ರತಿಯೊಬ್ಬರ ಯಂತ್ರದಲ್ಲೂ ಬೇರೆಯಾಗಿ ಹಾಕಬೇಕು, ಬೇಡವೆಂದವರು ದಾಟಿಕೊಂಡೂ ಹೋಗಬಹುದು. ಆದ್ದರಿಂದ ಅದೇ ಪರೀಕ್ಷೆಯನ್ನು ಸರ್ವರ್‌ನಲ್ಲಿ, ಮರ್ಜ್ ಆಗುವ ಬಾಗಿಲಲ್ಲಿ ಇಡಿ. ಮೊದಲ ವಾರ ಎಲ್ಲರೂ ಗೊಣಗುತ್ತಾರೆ.

ನೀವು ಕೋಡ್ ಬರೆಯುವವರಲ್ಲ, ದುಡ್ಡು ಕೊಟ್ಟು ಸಾಫ್ಟ್‌ವೇರ್ ಮಾಡಿಸಿಕೊಳ್ಳುವವರು ಎಂದಾದರೆ ಕರಾರಿನಲ್ಲಿ ಎರಡು ಸಾಲು ಸೇರಿಸಿ: ಪ್ರತಿ ರಿಲೀಸ್ ಜೊತೆ ಟಿಕೆಟ್ ನಂಬರ್ ಸಹಿತ ಚೇಂಜ್‌ಲಾಗ್ ಕೊಡಬೇಕು, ಪರದೆಯ ಮೇಲೆ ವರ್ಷನ್ ಗುರುತು ಕಾಣಬೇಕು. ಮುಂದಿನ ಸಲ "ಫಿಕ್ಸ್ ಆಗಿದೆ ಸರ್" ಎಂದು ಫೋನ್ ಬಂದಾಗ ಯಾವ ವರ್ಷನ್‌ನಲ್ಲಿ ಎಂದು ಕೇಳಿ, ಅದು ನಿಮ್ಮ ಯಂತ್ರಕ್ಕೆ ಬಂದಿದೆಯೇ ನೋಡಿ, ಆಮೇಲಷ್ಟೇ ಟಿಕೆಟ್ ಮುಚ್ಚಲು ಒಪ್ಪಿಗೆ ಕೊಡಿ.